ಗಂಗಮ್ಮನ ಹೆಸರಲ್ಲಿ ಹೇಳಿಸಿದ ಮಾತು

ಕೊಡಿಗೇನಹಳ್ಳಿ ಕಡೆಯ ಆ ಊರಿನಲ್ಲಿ ನಾರುಹುಣ್ಣು ಕಾಣದ ಮನೆಯಿರಲಿಲ್ಲ. ಕಾಲಲ್ಲಿ ಬೊಬ್ಬೆ ಒಡೆದು ದಾರದಂಥ ಹುಳ ತಲೆ ಹಾಕಿದರೆ ಓಬಳಮ್ಮನನ್ನು ಕರೆಯುತ್ತಿದ್ದರು. ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ಅಂತ ಕಿತ್ತುಹೋಗದ ಹಾಗೆ ಎಳೆಯುತ್ತಿದ್ದಳು. ಅವಳ ಕೈ ನಂಬುತ್ತಿದ್ದರು, ಮಾತು ನಂಬುತ್ತಿರಲಿಲ್ಲ.

ಮಾತು ಇಷ್ಟೇ: ಹುಣ್ಣಿನ ಕಾಲಲ್ಲಿ ಮೆಟ್ಟಿಲ ಬಾವಿಗೆ ಇಳಿಯಬೇಡಿ, ಮೇಲೆ ನಿಂತು ಹಗ್ಗದಲ್ಲಿ ಸೇದಿ; ಹುಣ್ಣಿನ ಹುಳ ನೀರಲ್ಲಿ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೂ ಹುಣ್ಣೇಳುತ್ತದೆ. ಮಹಾರಾಜರ ಸರ್ಕಾರ ಮಧುಗಿರಿಯಿಂದ ಕಳಿಸಿದ ಹೆಲ್ತ್ ಇನ್‌ಸ್ಪೆಕ್ಟರೂ ಅದನ್ನೇ ಹೇಳಿ ಹೋಗಿದ್ದ.

"ನಮ್ ತಾತ ಮುತ್ತಾತ ಕಾಲಿಟ್ಟ ಬಾವಿ ಕಣಮ್ಮೋ," ಎಂದ ಊರ ಯಜಮಾನ ದೊಡ್ಡರಂಗಪ್ಪ. "ಅವರ ಪಾದಕ್ಕಿಂತ ಇನ್‌ಸ್ಪೆಟ್ರ ಬೂಟು ದೊಡ್ಡದಾ? ಅವನ ತಾವ ಸಂಬಳಕ್ಕೆ ಸೇರ್ಕಂಡ್ಯಾ?" ಜನ ನಕ್ಕರು.

ಆ ವರ್ಷ ಓಬಳಮ್ಮನ ಮಗಳು ಆಂಜಿನಮ್ಮನಿಗೂ ಹುಣ್ಣೆದ್ದಿತು. ಅದೇ ಊರಿನ ಪಾಲಪ್ಪನ ಮಗನಿಗೆ ಅವಳನ್ನು ಗೊತ್ತುಮಾಡಿತ್ತು. "ಯಾರಿಗೆ ಬರಲ್ಲ? ಮಾಯ್ಲಿ ಬುಡು, ಆಮೇಲೆ ಧಾರೆ," ಎಂದಿದ್ದ ಪಾಲಪ್ಪ.

ಓಬಳಮ್ಮ ಊರ ಗುರುಗಳಾದ ಮರುಳಸಿದ್ದಯ್ಯನವರ ಬಾಗಿಲಿಗೆ ಹೋದಳು. ಊರು ಅವರ ಪಾದ ಮುಟ್ಟದೆ ಬಿತ್ತನೆ ಮಾಡುತ್ತಿರಲಿಲ್ಲ. "ಅಯ್ನೋರೆ, ನಾನು ಹೇಳಿದ್ರೆ ನಾಯಿ ಬೊಗಳಿದಂಗೆ. ನೀವೊಂದು ಮಾತು ಹೇಳಿ."

"ಹುಳ ಅಂದ್ರೆ ಕೇಳಲ್ಲ ಕಣಮ್ಮ. ಗಂಗಮ್ಮ ಅಂದ್ರೆ ಕೇಳ್ತಾರೆ. ಅಂಗೇ ಹೇಳ್ಲಾ?"

"ಹೆಂಗಾದ್ರೂ ಹೇಳಿ. ನೀರಿಗಿಳೀದಿದ್ರೆ ಸಾಕು."

ಸೋಮವಾರ ಬಾವಿಕಟ್ಟೆಯ ಮೇಲೆ ನಿಂತು ಅಯ್ಯನವರು ಹೇಳಿದರು: "ತುಳಿದೂ ತುಳಿದೂ ಗಂಗಮ್ಮ ಮುನಿದವ್ಳೆ. ಈ ಹುಣ್ಣು ಅವಳ ಶಾಪ." ಸಂಜೆಯೊಳಗೆ ಮೆಟ್ಟಿಲಿಗೆ ಜಾಲಿಮುಳ್ಳು ಬಿತ್ತು. ಕಡಿದು ತಂದವನು ದೊಡ್ಡರಂಗಪ್ಪನೇ. ಹುಣ್ಣಿದ್ದ ಗಂಡಸರು ತಪ್ಪುಕಾಣಿಕೆ ಇಟ್ಟು ದೋಷ ಕಳೆದುಕೊಂಡರು; ಹೆಂಗಸರಿಗೆ ಆ ದಾರಿ ಇರಲಿಲ್ಲ.

ಮೂರನೆಯ ದಿನ ಪಾಲಪ್ಪ ಬಂದು ಹೊಸ್ತಿಲಾಚೆಯೇ ನಿಂತ. "ಓಬಳಕ್ಕ, ತಪ್ಪು ತಿಳ್ಕಬ್ಯಾಡ. ಗಂಗಮ್ಮ ಮುನಿದ ಹೆಣ್ಣನ್ನ ಹೆಂಗೆ ಮನೆ ತುಂಬಿಸ್ಕಳ್ಳಾನ?"

"ನಿನ್ನ ಕಾಲಲ್ಲೂ ಇತ್ತಲ್ಲೋ! ನಾನೇ ತೆಗ್ದೆ."

"ಅದು ಮುಂಚೆ. ಆಗ ಅದು ಬರೀ ಹುಣ್ಣು."

ಒಳಗಿನಿಂದ ಆಂಜಿನಮ್ಮ ಕೂಗಿದಳು: "ಅವ್ವಾ, ಶಾಪ ಅಲ್ಲ ಅನ್ನು. ನೀನೇ ಹೇಳ್ಸಿದ್ದು ಅನ್ನು."

ಓಬಳಮ್ಮ ಬಾಯಿ ತೆರೆದಳು. ಹಾಗೆಂದುಬಿಟ್ಟರೆ ನಾಳೆಯೇ ಮುಳ್ಳು ಸರಿಸಿ ಊರೆಲ್ಲ ನೀರಿಗಿಳಿಯುತ್ತದೆ.

"ಹೋಗ್ಬಾ ಪಾಲಪ್ಪ," ಎಂದಳು.

ಮೂರು ವರ್ಷಕ್ಕೆ ಊರಲ್ಲಿ ಹುಣ್ಣು ನಿಂತಿತು. ಅಯ್ನೋರ ಮಾತು ಸುಳ್ಳಾಗಲಿಲ್ಲ ಎಂದರು ಜನ. ಆಂಜಿನಮ್ಮನ ಕಾಲು ಎಂದೋ ಮಾಯ್ದಿತ್ತು. ಆದರೂ ಶಾಪದವಳೆಂದು ಬಾವಿಯ ಹಗ್ಗ ಮುಟ್ಟಗೊಡುತ್ತಿರಲಿಲ್ಲ; ಅವಳು ಕೊಡ ಕೆಳಗಿಟ್ಟು, ದೂರ ಸರಿದು, ಯಾರಾದರೂ ಸೇದಿ ಹುಯ್ಯಲೆಂದು ಕಾಯುತ್ತಿದ್ದಳು. ಅವ್ವನೇ ಸೇದಿ ಹುಯ್ಯಲು ಬಂದ ದಿನ, ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು.