ಅಕ್ಕ ಇಲ್ಲದ ಮದುವೆ ಫೋಟೋಗಳು

ನನ್ನ ಅಕ್ಕ ಲೀಲಾ ತೀರಿಕೊಂಡು ವರ್ಷ ತುಂಬುತ್ತ ಬಂದಾಗ ಭಾವ ಬಿಂದುಮಾಧವರಿಗೆ ಒಂದು ಸಂಗತಿ ಹೊಳೆಯಿತು: ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ. ಹೊಳೆದದ್ದು ಆಗ! ಮಹಾಲ್‌ನ ಗಲ್ಲಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಅರ್ಧ ನಾಗಪುರದ ಮದುವೆಗಳನ್ನು ಆಲ್ಬಮ್ಮಿಗೆ ಏರಿಸಿದ ಮನುಷ್ಯ ಇವರು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವರದೇ ಮದುವೆಯ ಫೋಟೋದಲ್ಲಿ ಅಕ್ಕನ ಮುಖ ಬಾಸಿಂಗದ ಹಿಂದೆ ಅಡಗಿದೆ. ಮತದಾರರ ಚೀಟಿಯಲ್ಲಿರುವುದನ್ನು ಮುಖ ಎನ್ನಲು ನನಗೆ ಮನಸ್ಸಿಲ್ಲ.

ಹಾಗೆಂದು ಅಕ್ಕ ಕ್ಯಾಮೆರಾದಿಂದ ದೂರ ಇದ್ದವಳಲ್ಲ. ಕೋಲಿನ ತುದಿಗೆ ಕಟ್ಟಿದ ಎರಡನೆಯ ಫ್ಲ್ಯಾಶನ್ನು ತಲೆಯ ಮೇಲೆತ್ತಿ ಹಿಡಿದು, ಪ್ರತಿ ಮದುವೆಯಲ್ಲೂ ಮಂಟಪದ ಬದಿಗೆ ನಿಲ್ಲುತ್ತಿದ್ದವಳು ಅವಳೇ. ಫೋಟೋದ ಅಂಚಿನಲ್ಲಿ ಅವಳ ಸೆರಗೋ ಮುಖವೋ ಬಂದೇ ಬರುತ್ತಿತ್ತು. ಆದರೆ ಗಿರಾಕಿಯ ಆಲ್ಬಮ್ಮಿನಲ್ಲಿ ಸ್ಟುಡಿಯೋದವರು ಕಾಣಬಾರದು, ಅದು ಆ ಕಸುಬಿನ ರೀತಿ. ರೀಲಿನ ಕಾಲದ ನೆಗೆಟಿವ್‌ಗಳನ್ನು ಗಿರಾಕಿಗಳೇ ಒಯ್ದರು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಭಾವ ಕಂಪ್ಯೂಟರಿನಲ್ಲಿ ಅಕ್ಕನನ್ನು ಅಳಿಸಿ, ಅವಳಿದ್ದ ಜಾಗಕ್ಕೆ ಹಿಂದಿನ ಪರದೆಯನ್ನು ಎಳೆದುಬಿಡುತ್ತಿದ್ದರು. ಡಿಸ್ಕಿನಲ್ಲಿ ಜಾಗ ಸಾಲದ್ದರಿಂದ ಮೂಲ ಚಿತ್ರವನ್ನು ಇಟ್ಟುಕೊಳ್ಳದೆ ಅದರ ಮೇಲೆಯೇ ತಿದ್ದಿದ್ದನ್ನು ಉಳಿಸುತ್ತಿದ್ದರು. ಅಕ್ಕ ಪಕ್ಕದಲ್ಲೇ ಕೂತು, "ಇಲ್ಲಿ ನನ್ನ ಮೊಣಕೈ ಉಳದದ ನೋಡ್ರಿ, ತಗೀರಿ" ಎಂದು ನಗುತ್ತಿದ್ದಳು.

"ಎಲ್ಲರೆ ಒಂದರಾಗ ಬಿಟ್ಟಿರತೀನಿ, ಶ್ರೀಶ" ಎಂದರು ಭಾವ. "ಸಾವಿರಗಟ್ಟಲೆ ಫೋಟೋ ಅವ. ಗಡಿಬಿಡಿಯೊಳಗ ಒಂದರೆ ಮರ್ತಿರತೀನಿ."

ಆ ಒಂದನ್ನು ಹುಡುಕಬೇಕು. ಹುಡುಕಲು ಹಳೆಯ ಡಿಸ್ಕು ಬಿಡಲೊಲ್ಲದು. ಒಂದು ಚಿತ್ರ ಪೂರ್ತಿ ತೆರೆಯುವಷ್ಟರಲ್ಲಿ ಚಹಾ ಕುಡಿದು ಕಪ್ಪು ತೊಳೆದಿಡಬಹುದು. ನಡುನಡುವೆ ಒಳಗಿಂದ ಟಕ್ ಟಕ್ ಸದ್ದು ಬೇರೆ, ಯಾವಾಗ ಪ್ರಾಣ ಬಿಡುತ್ತದೋ ಗೊತ್ತಿಲ್ಲ. ಹೀಗಾಗಿ ಭಾನುವಾರ ಹೊಸ ಡಿಸ್ಕು ತರಲು ಇಬ್ಬರೂ ಸೀತಾಬರ್ಡಿ ಪೇಟೆಗೆ ಹೋದೆವು. ನಾನು ಬ್ಯಾಂಕಿನವನು, ಕಂಪ್ಯೂಟರನ್ನು ಬೈಯುವುದಷ್ಟೇ ಗೊತ್ತು. ಆದರೂ ಭಾವ ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ.

ಅಂಗಡಿಯವನು ಎರಡು ಡಿಸ್ಕು ಮುಂದಿಟ್ಟ. ಒಂದರಲ್ಲಿ ಜಾಗ ಬೇಕಾದಷ್ಟು, ವೇಗ ಸಾಧಾರಣ. ಇನ್ನೊಂದರಲ್ಲಿ ಜಾಗ ಕಡಿಮೆ, ಆದರೆ ತಿರುಗುವ ವೇಗ ಹೆಚ್ಚು. ಫೋಟೋ ಕೆಲಸಕ್ಕೆ ಬಲು ಚುರುಕು. "ಕಾಕಾ, ಬಡಾ ವಾಲಾ ಲೇ ಲೋ" ಎಂದು ದೊಡ್ಡದನ್ನೇ ಮುಂದೆ ಸರಿಸಿದ.

ನನಗೆ ತಡೆಯಲಾಗಲಿಲ್ಲ. "ಇಂಥಾ ದೊಡ್ಡದೊಂದು ಆವಾಗ ತಗೊಂಡಿದ್ರ ಅಕ್ಕನ ಫೋಟೋ ಉಳೀತಿದ್ವು" ಎಂದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಮಾತು ಅದು. ಆದರೂ ಆಡಿದೆ, ನೋಯಲಿ ಎಂದೇ ಆಡಿದೆ.

ಭಾವ ಸಿಟ್ಟಾಗಲಿಲ್ಲ. "ಬರೋಬರ್ ಅದ" ಎಂದರು. "ಆದ್ರ ಇನ್ನ ಇಟ್ಟುಕೊಳ್ಳಲಿಕ್ಕೆ ಏನದನೋ ನನ್ನ ಹತ್ರ? ಜಾಗಾ ಬ್ಯಾಡ. ಜಲ್ದಿ ನೋಡೋದಷ್ಟ ಬೇಕು." ಚುರುಕಿನದನ್ನೇ ಕಟ್ಟಿಸಿಕೊಂಡರು.

ಹಳೆಯದನ್ನೆಲ್ಲ ಹೊಸದಕ್ಕೆ ಸಾಗಿಸಿ, ಮರುದಿನ ನಾನು ಬ್ಯಾಂಕಿಗೆ ರಜೆ ಹಾಕಿದ್ದರಿಂದ ಊಟವಾದ ಮೇಲೆ ಹುಡುಕಲು ಕೂತೆವು. ಚಿತ್ರಗಳು ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳತೊಡಗಿದವು. ವಧು, ವರ, ಅಕ್ಷತೆ, ಬದಿಗೆ ಪರದೆ. ಮತ್ತೊಬ್ಬ ವಧು, ಮತ್ತೊಂದು ಪರದೆ. ಹಳೆಯ ಡಿಸ್ಕಿನಲ್ಲಾದರೆ ಚಿತ್ರ ತೆರೆಯುವ ತನಕ ಅಕ್ಕ ಅದರಲ್ಲಿ ಇದ್ದಾಳು ಎಂದು ಕಾಯಬಹುದಿತ್ತು. ಈಗ ಆಸೆಪಡಲೂ ಪುರುಸೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಭಾವ ಒಂದನ್ನೂ ಮರೆತಿರಲಿಲ್ಲ. ಅಷ್ಟು ನೀಟಾದ ಕೆಲಸಗಾರ ಅವರು, ಅದೇ ನಮ್ಮ ದುರ್ದೈವ.

ನಾನು ಏಳಲು ಹೋದೆ. ಭಾವ ಕೊನೆಯ ಮದುವೆಗಳ ಚಿತ್ರಗಳನ್ನು ಮತ್ತೆ ಮತ್ತೆ ಹಿಂದೆ ಮುಂದೆ ಓಡಿಸುತ್ತಿದ್ದರು.

"ಶ್ರೀಶ, ನೆರಳು ನೋಡು."

ಮೊದಲಿನ ಮದುವೆಗಳಲ್ಲಿ ವರನ ನೆರಳು ಹಿಂದಿನ ಪರದೆಯ ಮೇಲೆ ಅವನ ಹೆಗಲಿಗಿಂತ ಕೆಳಗೆ ಬಿದ್ದಿತ್ತು. ಮುಂದಿನವುಗಳಲ್ಲಿ ಅದು ಬರಬರುತ್ತ ಮೇಲೇರಿತ್ತು. ಕಾಮಟಿಯಲ್ಲಿ ತೆಗೆದ ಕೊನೆಯ ಮದುವೆಯಲ್ಲಂತೂ ಬೆಳಕು ವಧೂವರರ ಗದ್ದದ ಕೆಳಗಿನಿಂದ ಬಂದು, ನೆರಳು ಅವರ ತಲೆ ದಾಟಿ ನಿಂತಿತ್ತು.

"ಕೋಲು ಇಳಿಸ್ಯಾಳ" ಎಂದರು ಭಾವ. "ಕೈ ಎತ್ತಲಿಕ್ಕೆ ಆಗ್ತಿದ್ದಿಲ್ಲ ಅಕಿಗೆ."

ಎದೆಯ ಗಂಟು ಕಂಕುಳ ತನಕ ಹಬ್ಬಿದೆ ಎಂದು ಡಾಕ್ಟರು ಹೇಳಿದ್ದು ಆ ಮದುವೆಯ ನಂತರ. ಅಲ್ಲಿಯವರೆಗೆ ಅಕ್ಕ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಅವತ್ತ ಎಲ್ಲಾರ ಮುಂದ ಬೈದೆ, ಮ್ಯಾಲ ಹಿಡಿ ಅಂತ. ಹೂಂ ಅಂದ್ಲು. ಒಂದು ಫೋಟೋದಾಗ ಎತ್ತಿ ಹಿಡದಾಳ ನೋಡು. ಮುಂದಿಂದ್ರಾಗ ಮತ್ತ ಇಳದದ."

ವರ್ಷವಿಡೀ ಕಟ್ಟಿಕೊಂಡಿದ್ದ ನನ್ನ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ. ಅವರ ಹೆಗಲು ಹಿಡಿದು ಅತ್ತುಬಿಟ್ಟೆ.

ಕಾಮಟಿಯ ಆ ಚಿತ್ರವನ್ನೇ ಭಾವ ದೊಡ್ಡದಾಗಿ ಪ್ರಿಂಟು ಹಾಕಿಸಿ, ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಿದರು. ವರ್ಷಾಂತಿಕದ ದಿನ ಬಂದ ಸೋದರತ್ತೆ ಸಾವಿತ್ರಮ್ಮ, "ಇವರು ಯಾರಪಾ?" ಎಂದು ಕೇಳಿದರು. ಭಾವ ಮಲ್ಲಿಗೆಯ ಹಾರ ಹಿಡಿದು ಚೌಕಟ್ಟಿನ ಮುಂದೆ ಹೋದರು, ಕೈ ಎತ್ತಿದರು, ಅಲ್ಲೇ ನಿಂತರು. ಅದರಲ್ಲಿದ್ದ ಹುಡುಗ ಹುಡುಗಿ ಕಾಮಟಿಯಲ್ಲಿ ಸುಖವಾಗಿ ಸಂಸಾರ ಮಾಡಿಕೊಂಡಿದ್ದಾರೆ. ಬದುಕಿರುವವರ ಫೋಟೋಗೆ ಹಾರ ಹಾಕುವುದು ಹೇಗೆ?

ಕೊನೆಗೆ ನಾನೇ ಹೋಗಿ ಅವರ ಕೈಯಿಂದ ಹಾರ ತೆಗೆದುಕೊಂಡೆ. ಎಲ್ಲಿ ಇಡಬೇಕೆಂದು ನನಗೂ ತಿಳಿಯಲಿಲ್ಲ.