ಒಂಬತ್ತು ಇಂಚಿನ ಮೆಟ್ಟಿಲು

ನನ್ನ ಮಗಳು ಗೋಡೆಯ ಮೇಲೆ ಎಳೆದಿದ್ದ ಗೆರೆಗಳನ್ನು ಮೇಸ್ತ್ರಿ ಒದ್ದೆ ಗೋಣಿಚೀಲದಿಂದ ಉಜ್ಜಿ ಅಳಿಸಿದರು. ಆ ಚೀಲ ನೆನೆಸಲು ನೀರು ತಂದುಕೊಟ್ಟವಳು ನಾನೇ.

ಅದು ಶಾಲೆಯ ಕಟ್ಟಡ. ಒಂದು ಪಕ್ಕದ ಕೋಣೆಗಳು ನೆಲ ಸಮೇತ ಮುಗಿದಿದ್ದವು. ಇನ್ನೊಂದು ಪಕ್ಕದಲ್ಲಿ ಗೋಡೆ ಮಾತ್ರ ಎದ್ದಿತ್ತು. ನಡುವೆ ಮಹಡಿಗೆ ಹೋಗುವ ಮೆಟ್ಟಿಲು ಆಗಬೇಕಿತ್ತು. ನಾನು ಅಲ್ಲಿ ಬಾಂಡ್ಲಿ ಹೊರುವವಳು. ಇಪ್ಪತ್ತೆರಡು ವರ್ಷದಿಂದ ಮರಳು, ಜಲ್ಲಿ, ಕಲಸಿದ ಸಿಮೆಂಟು, ಏನು ತುಂಬಿಸಿಕೊಟ್ಟರೂ ಹೊತ್ತಿದ್ದೇನೆ. ಮಗಳೂ ಹದಿನೆಂಟು ತುಂಬಿದ ವರ್ಷ ತಲೆಗೆ ಸಿಂಬೆ ಸುತ್ತಿಕೊಂಡು ನನ್ನ ಹಿಂದೆಯೇ ಬಂದಳು. ಆದರೆ ಅವಳ ಕಣ್ಣು ಬಾಂಡ್ಲಿಯ ಮೇಲೆ ಇರಲಿಲ್ಲ, ಗಾರೆಯವರ ಕೈಯಲ್ಲಿದ್ದ, ಸಿಮೆಂಟು ಬಳಿಯುವ ಕರಣೆಯ ಮೇಲಿತ್ತು.

ಮಧ್ಯಾಹ್ನ ಗಂಡಸರು ಉಂಡು ಕಾಲು ಚಾಚಿದ ಅರ್ಧ ಗಂಟೆಯಲ್ಲಿ ಅವಳು ಉಳಿದ ಗಾರೆ ಎತ್ತಿಕೊಂಡು ಇನ್ನೂ ಮುಗಿಯದ ಶೌಚಾಲಯದ ಒಳಗೆ ಹೋಗುತ್ತಿದ್ದಳು. ಗೋಡೆಗೆ ಬಳಿದು, ಮಟ್ಟಗೋಲು ಎಳೆದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅವರು ಏಳುವ ಹೊತ್ತಿಗೆ ಎಲ್ಲವನ್ನೂ ಕೆರೆದು ಗೋಡೆ ತೊಳೆದಿಟ್ಟಿರುತ್ತಿದ್ದಳು. ಎರಡು ವರ್ಷ ಹೀಗೆ ಬಳಿದದ್ದೂ ಆಯಿತು, ಕೆರೆದದ್ದೂ ಆಯಿತು. ಒಂದು ದಿನ ವಯಸ್ಸಾದ ಗಾರೆಯವರೊಬ್ಬರು ಬೇಗ ಎದ್ದು ಬಂದು ನೋಡಿದರು. "ಕೆರೀಬೇಡ ಮಗಾ, ಇದು ಇರಲಿ" ಎಂದರು. ಸೊಂಟ ನೋವೆಂದು ಅವರು ಕೆಲಸ ಬಿಡುವಷ್ಟರಲ್ಲಿ ಅಳತೆ, ಮಟ್ಟ, ಗುರುತು ಹಾಕುವುದು ಎಲ್ಲವನ್ನೂ ಇವಳಿಗೆ ದಾಟಿಸಿದ್ದರು.

ಅವಳನ್ನು ಗಾರೆ ಕೆಲಸಕ್ಕೆ ಹಾಕಲು ಮೇಸ್ತ್ರಿ ಸುಲಭಕ್ಕೆ ಒಪ್ಪಲಿಲ್ಲ. ಅವರು ಕೆಟ್ಟವರೂ ಅಲ್ಲ. ಮೂವತ್ತು ವರ್ಷ ಮನೆ ಕಟ್ಟಿದ ಕೈ, ಹೇಳಿದ್ದೇ ಆಗಬೇಕು ಅಷ್ಟೆ. ಕೊನೆಗೆ ಎಲ್ಲರ ಮುಂದೆ ಒಂದು ಮಾತು ಹೇಳಿದರು: "ಈ ಮೆಟ್ಟಿಲಿಗೆ ಅವಳೇ ಗುರುತು ಹಾಕಲಿ. ಸರಿ ಇದ್ರೆ ಗಾರೆಯವರ ಸಾಲಲ್ಲಿ ನಿಲ್ಲಲಿ. ತಪ್ಪಿದ್ರೆ ಅಮ್ಮನ ಹಿಂದೆ ಬಾಂಡ್ಲಿ. ಆಮೇಲೆ ನನ್ನ ಹತ್ರ ಕರಣೆ ಸುದ್ದಿ ಎತ್ತಬಾರ್ದು."

ಮಗಳು ಅರ್ಧ ದಿನ ಪಟ್ಟಿ ಹಿಡಿದು ಅಳೆದು, ಎರಡೂ ಪಕ್ಕದ ಗೋಡೆಗೆ ಪೆನ್ಸಿಲಿನಲ್ಲಿ ಮೊದಲ ತಿರುವಿನವರೆಗಿನ ಹನ್ನೆರಡು ಮೆಟ್ಟಿಲು ಬರೆದಳು. ಆ ಗೆರೆ ನೋಡಿಕೊಂಡೇ ಬಡಗಿ ಹಲಗೆ ಹೊಡೆಯುವುದು, ಆ ಹಲಗೆಗಳ ನಡುವೆಯೇ ಕಾಂಕ್ರೀಟು ತುಂಬುವುದು. ಮೇಸ್ತ್ರಿ ಬಂದು ಪಟ್ಟಿ ಇಟ್ಟರು. ಮೇಲಿನ ಹನ್ನೊಂದು ಮೆಟ್ಟಿಲು ಆರಾರು ಇಂಚು. ಎಲ್ಲಕ್ಕಿಂತ ಕೆಳಗಿನದು ಒಂಬತ್ತು.

ಅವರು ಎರಡು ಸಲ ಅಳೆದು ಜೋರಾಗಿ ನಕ್ಕರು. ಗಾರೆಯವರೆಲ್ಲ ಬಂದು ನಿಂತರು. ಅವರಲ್ಲಿ ಒಬ್ಬನಿಗೆ ಬಾಗಿಲಿಗೆಲ್ಲ ತಲೆ ತಾಗುತ್ತದೆ, ಉದ್ದಣ್ಣ ಎಂದೇ ಕರೆಯುವುದು. ಅವನು ಕೇಳಿದ: "ಮೊದಲನೇ ಮೆಟ್ಟಿಲು ನನ್ನ ಅಳತೆಗೆ ಮಾಡಿದ್ದೀಯಾ ತಂಗಿ?"

"ನೆಲ ಇನ್ನೂ ಬಂದಿಲ್ಲ ಮೇಸ್ತ್ರಿ" ಎಂದು ಮಗಳು ಶುರು ಮಾಡಿದಳು. "ನೆಲ ಬಂದ್ಮೇಲೆ..."

ಒಂಬತ್ತು ಇಂಚು ನನ್ನ ಕಣ್ಣಿಗೂ ತಪ್ಪಾಗಿಯೇ ಕಂಡಿತ್ತು. ಇವಳು ಎದುರು ಮಾತಾಡಿ ಇದ್ದ ಕೆಲಸವನ್ನೂ ಕಳೆದುಕೊಂಡರೆ ಎಂದು ಹೆದರಿ ಮಧ್ಯೆ ಬಾಯಿ ಹಾಕಿದೆ. "ಸುಮ್ನಿರೇ! ದೊಡ್ಡವರು ಹೇಳುವಾಗ ಕೇಳು. ಗೊತ್ತಾಗ್ದೆ ಮಾಡಿದ್ದಾಳೆ ಮೇಸ್ತ್ರಿ, ಹೊಟ್ಟೆಗೆ ಹಾಕ್ಕೊಳ್ಳಿ."

ಮಗಳು ನನ್ನ ಕಡೆ ತಿರುಗಿ ನೋಡಿದಳು. "ಹುಡುಗಿ ಗೆರೆ" ಎನ್ನುತ್ತಾ ಮೇಸ್ತ್ರಿ ಗೋಣಿಚೀಲ ಕೇಳಿದರು, ನಾನು ನೀರು ತಂದೆ. ಸಂಜೆಯೊಳಗೆ ಅವರೇ ಹನ್ನೆರಡು ಮೆಟ್ಟಿಲನ್ನೂ ಒಂದೇ ಸಮ, ಆರೂಕಾಲು ಇಂಚಿನಂತೆ ಬರೆದರು. ಬಡಗಿ ಹಲಗೆ ಹೊಡೆದ. ನೋಡಲು ಬಹಳ ಚೆನ್ನಾಗಿತ್ತು, ಬಾಚಣಿಗೆಯ ಹಲ್ಲಿನ ಹಾಗೆ.

ಆ ಸಂಜೆ ಮಗಳು ಬಟ್ಟೆ ಒಗೆದು ಹಿಂಡಿದ ರೀತಿಯಲ್ಲೇ ಅವಳ ಕೋಪ ಗೊತ್ತಾಗುತ್ತಿತ್ತು. "ಏನೋ ಹೇಳೋಕೆ ಹೊರಟಿದ್ದೆಯಲ್ಲ, ಏನದು?" ಎಂದು ಕೇಳಿದೆ.

"ನಿನಗೆ ಹೇಳಿ ಏನಾಗ್ಬೇಕಮ್ಮ? ನಾಳೆ ನನಗೂ ಒಂದು ಸಿಂಬೆ ಎತ್ತಿಡು."

ಎತ್ತಿಟ್ಟೆ. ಬೇರೆ ಏನು ಮಾಡಬೇಕೆಂದು ಆಗ ನನಗೆ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಕಾಂಕ್ರೀಟು. ಮಿಕ್ಸರ್ ಯಂತ್ರದ ಹತ್ತಿರ ಜಲ್ಲಿ ಕಡಿಮೆ ಬಿತ್ತೆಂದು ಮುಗಿದ ಕೋಣೆಗಳ ಹಿಂದಿನ ರಾಶಿಯಿಂದ ತರಲು ನನ್ನನ್ನು ಕಳಿಸಿದರು. ತಲೆಯ ಮೇಲೆ ತುಂಬಿದ ಬಾಂಡ್ಲಿ ಇಟ್ಟುಕೊಂಡು ಕೋಣೆಯ ಒಳಗಿಂದ ಬರುತ್ತಿದ್ದೆ. ಬಾಗಿಲಿಂದ ಮೆಟ್ಟಿಲ ಕಡೆಯ ಜಾಗಕ್ಕೆ ಕಾಲಿಟ್ಟಾಗ ಕಾಲು ಧಸಕ್ಕೆಂದು ಕೆಳಗೆ ಹೋಯಿತು. ಬಾಂಡ್ಲಿ ವಾಲಿ ಎರಡು ಹಿಡಿ ಜಲ್ಲಿ ಚೆಲ್ಲಿತು. ಕತ್ತು ಉಳುಕಿತು.

ಬೈದುಕೊಳ್ಳುತ್ತಾ ತಿರುಗಿ ನೋಡಿದೆ. ಕೋಣೆಯ ನೆಲ ಬಾಗಿಲಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು. ಕೆಳಗೆ ಜಲ್ಲಿಯ ಪದರ, ಅದರ ಮೇಲೆ ಗಾರೆ, ಅದರ ಮೇಲೆ ಕಲ್ಲು. ಒಟ್ಟು ನಾಲ್ಕು ಇಂಚು. ಆ ನಾಲ್ಕು ಇಂಚನ್ನು ಹೊತ್ತು ತಂದು ಸುರಿದವಳು ನಾನೇ. ಹೋದ ತಿಂಗಳು ಹನ್ನೊಂದು ದಿನ ಅದೇ ಕೆಲಸ. ಮೆಟ್ಟಿಲ ಬುಡಕ್ಕೂ ಇನ್ನು ಸ್ವಲ್ಪ ದಿನದಲ್ಲಿ ಅಷ್ಟೇ ನೆಲ ಬರಬೇಕು. ಮೆಟ್ಟಿಲ ಮೇಲೆ ಹಾಸುವುದು ಒಂದೇ ಇಂಚಿನ ಕಲ್ಲು. ನಾಲ್ಕರಲ್ಲಿ ಒಂದು ಹೋದರೆ ಮೂರು.

ಕೆಳಗಿನ ಮೆಟ್ಟಿಲು ಮೂರು ಇಂಚು ನೆಲದೊಳಗೆ ಮುಳುಗುತ್ತದೆ. ಅದಕ್ಕೇ ಮಗಳು ಅದನ್ನು ಒಂಬತ್ತು ಮಾಡಿದ್ದಳು. ಮುಳುಗಿದ ಮೇಲೆ ಆರು ಉಳಿಯಲಿ ಎಂದು. ಮೇಸ್ತ್ರಿ ಕಟ್ಟಿದ ಮನೆಗಳಲ್ಲಿ ಯಾವಾಗಲೂ ನೆಲ ಮೊದಲು, ಮೆಟ್ಟಿಲು ಆಮೇಲೆ. ಇಲ್ಲಿ ಕಲ್ಲು ಬರುವುದು ತಡವಾಗಿ ಹಿಂದುಮುಂದಾಗಿತ್ತು. ಅವರ ಕೈ ಹಳೆಯ ಅಭ್ಯಾಸದಂತೆ ಹೋಗಿತ್ತು. ನೂರಾರು ಮಕ್ಕಳು ಮೇಲಿಂದ ಓಡಿ ಇಳಿಯುವ ಜಾಗ. ಹನ್ನೊಂದು ಮೆಟ್ಟಿಲು ಒಂದೇ ಸಮ ಇಳಿದ ಕಾಲಿಗೆ ಹನ್ನೆರಡನೆಯದು ಅರ್ಧಕ್ಕೇ ಸಿಕ್ಕರೆ? ನನಗೆ ಈಗಷ್ಟೇ ಕತ್ತು ಉಳುಕಿತ್ತು.

ಮಿಕ್ಸರ್ ತಿರುಗಲು ಶುರುವಾಗಿತ್ತು. ಮೊದಲ ಕಲಸು ಸಿದ್ಧವಾಗುತ್ತಿತ್ತು. ಹೆಂಗಸರು ಬಾಂಡ್ಲಿ ಹಿಡಿದು ಸಾಲಾಗಿ ನಿಂತಿದ್ದರು. ಅವರಲ್ಲಿ ಕೊನೆಯವಳು ನನ್ನ ಮಗಳು.

ನಾನು ಬಾಂಡ್ಲಿ ಇಳಿಸಿದೆ. ಮೆಟ್ಟಿಲ ಹತ್ತಿರ ಹೋದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೆಳಗಿನ ಎರಡು ಹಲಗೆಗಳ ನಡುವೆ, ಕಂಬಿಗಳ ಮೇಲೆ ಕೂತುಬಿಟ್ಟೆ.

"ಏನಮ್ಮಾ, ತಲೆ ಸುತ್ತು ಬಂತಾ?" ಮೇಸ್ತ್ರಿ ಕೇಳಿದರು.

"ಇಲ್ಲ. ತಲೆ ನೆಟ್ಟಗಾಗಿದೆ."

"ಹಂಗಾದ್ರೆ ಏಳು. ಕಾಂಕ್ರೀಟು ಬರ್ತಿದೆ."

"ಏಳಲ್ಲ. ಈ ಮೆಟ್ಟಿಲು ತಪ್ಪಾಗಿದೆ."

ಉದ್ದಣ್ಣ ಹಲ್ಲು ಕಿರಿದ. "ಮೇಲೇ ಹುಯ್ದುಬಿಡೋಣ್ವಾ ಮೇಸ್ತ್ರಿ? ಗಟ್ಟಿ ನಿಲ್ಲುತ್ತೆ."

"ಹುಯ್ಯಪ್ಪಾ" ಎಂದೆ. "ನಿನ್ನ ಮಗು ಇದೇ ಶಾಲೆಗೆ ಬಂದು ಎಡವಿ ಬಿದ್ರೆ ನನ್ನ ಮೇಲೇ ಬೀಳಲಿ. ಕಲ್ಲಿಗಿಂತ ಮೆತ್ತಗಿದ್ದೀನಿ."

ಹೆಂಗಸರು ನಕ್ಕರು. ಉದ್ದಣ್ಣ ನಗಲಿಲ್ಲ. ಅವನ ಮಗು ಅಂಬೆಗಾಲು ಬಿಟ್ಟು ನಡೆಯಲು ಶುರು ಮಾಡಿತ್ತು.

ಮಗಳು ಓಡಿ ಬಂದಳು. ಬಗ್ಗಿ, ಹಲ್ಲು ಕಚ್ಚಿ ಹೇಳಿದಳು: "ಅಮ್ಮಾ ಏಳು. ನನ್ನ ಜಗಳ ನೀನು ಆಡ್ಬೇಡ. ಸಾಕು ನೀನು ನನ್ನ ಪರವಾಗಿ ಮಾತಾಡಿದ್ದು."

"ಆಡಲ್ಲ. ನಿನ್ನೆ ನಿನ್ನ ಬಾಯಿ ಮುಚ್ಚಿಸಿದವಳು ನಾನು. ಅರ್ಧಕ್ಕೆ ನಿಂತ ಮಾತು ಮುಗಿಸು. ಮುಗಿಸೋವರೆಗೂ ಕೂತಿರ್ತೀನಿ. ನಾನು ಇನ್ನೊಂದು ಮಾತೂ ಆಡಲ್ಲ."

"ಮೇಸ್ತ್ರಿ" ಎಂದು ಮಿಕ್ಸರ್ ನಡೆಸುವ ಅಕ್ಕ ಅಲ್ಲಿಂದಲೇ ಕೂಗಿದಳು. ಆ ಯಂತ್ರದ ಸದ್ದಿಗಿಂತ ಅವಳ ದನಿಯೇ ಜೋರು. "ನಾನು ತಿರುಗಿಸ್ತಾ ಇರ್ತೀನಿ. ನೀವು ಮಾತಾಡ್ಕೊಳ್ಳಿ. ಆದ್ರೆ ಗಟ್ಟಿಯಾದ್ರೆ ನನ್ನನ್ನ ಬೈಬೇಡಿ."

ಕಲಸಿದ ಕಾಂಕ್ರೀಟು ಕಾಯುವುದಿಲ್ಲ. ಅದು ಮೇಸ್ತ್ರಿಗೆ ನನಗಿಂತ ಚೆನ್ನಾಗಿ ಗೊತ್ತು. "ಯಾರ್ರೀ ಅಲ್ಲಿ, ತುಂಬಿ, ತನ್ನಿ!" ಎಂದರು. ಸಾಲಿನ ಮೊದಲಲ್ಲಿದ್ದವಳು ಬಾಂಡ್ಲಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಹಿಂದಿನವಳೂ ಕೂತಳು. ಒಬ್ಬೊಬ್ಬರಾಗಿ, ಮಗಳನ್ನು ಬಿಟ್ಟು ಸಾಲಿನಲ್ಲಿದ್ದ ಆರೂ ಜನ ಕೂತರು. ನಾನು ಯಾರಿಗೂ ಹೇಳಿರಲಿಲ್ಲ. ಬೇರೆ ಬೇರೆ ಮಧ್ಯಾಹ್ನ ಶೌಚಾಲಯದ ಬಾಗಿಲಲ್ಲಿ ನಿಂತು ಮಗಳಿಗೆ ಕಾವಲು ಕಾದವರು ಅವರೇ.

ಮೇಸ್ತ್ರಿ ಮಗಳ ಕಡೆ ತಿರುಗಿದರು. "ಸರಿ, ಹೇಳು ತಾಯಿ. ಏನು ನಿನ್ನ ನೆಲ?"

ಮಗಳು ಬಾಯಲ್ಲಿ ಹೇಳಲಿಲ್ಲ. ದಾರದ ಉಂಡೆ ತೆಗೆದುಕೊಂಡಳು. ಒಂದು ತುದಿಯನ್ನು ಮುಗಿದ ಕೋಣೆಯ ನೆಲದ ಮೇಲಿಟ್ಟು ಸಾಲಿನ ಹೆಂಗಸರಲ್ಲಿ ಒಬ್ಬಳ ಕೈಯಲ್ಲಿ ಒತ್ತಿ ಹಿಡಿಸಿದಳು. ಇನ್ನೊಂದು ತುದಿಯನ್ನು ನನ್ನ ಪಕ್ಕದ ಗೋಡೆಯವರೆಗೂ ಎಳೆದು ತಂದಳು. ನೀರು ತುಂಬಿದ ಪೈಪು ಹಿಡಿದು ಎರಡೂ ಕಡೆ ಮಟ್ಟ ನೋಡಿದಳು. ಗಾಳಿಗುಳ್ಳೆ ಇದೆಯೇನೋ ಎಂದು ಪೈಪನ್ನು ಎರಡು ಸಲ ತಟ್ಟಿದಳು. ದಾರವನ್ನು ಬಿಗಿ ಮಾಡಿ ಮೊಳೆಗೆ ಸುತ್ತಿದಳು.

ಅದು ನನ್ನ ಮುಂದಿನ ಹಲಗೆಗೆ ಅಡ್ಡವಾಗಿ, ಅರ್ಧಕ್ಕಿಂತ ಮೇಲೆ ಹಾದು ನಿಂತಿತು.

"ನೆಲ ಇಲ್ಲಿಗೆ ಬರುತ್ತೆ" ಎಂದಳು. "ಮೆಟ್ಟಿಲಿಗೆ ಒಂದಿಂಚು ಕಲ್ಲು ಹಾಕಿದ್ರೂ ಇದು ಮೂರೂಕಾಲು ಉಳಿಯುತ್ತೆ. ಬಾಕಿ ಎಲ್ಲ ಆರೂಕಾಲು. ಇಳಿಯೋರು ಮುಗ್ಗರಿಸ್ತಾರೆ. ನಿನ್ನೆ ಇಷ್ಟೇ ಹೇಳ್ತಿದ್ದೆ."

ಮೇಸ್ತ್ರಿ ಬಗ್ಗಿ ದಾರ ನೋಡಿದರು. ಪಟ್ಟಿ ಇಟ್ಟರು. ತೆಗೆದು ಮತ್ತೆ ಇಟ್ಟರು. ಕಿವಿಯ ಹಿಂದಿನ ಪೆನ್ಸಿಲು ತೆಗೆದು ಸುಮ್ಮನೆ ಕೈಯಲ್ಲಿ ತಿರುಗಿಸಿದರು. ಅವರ ಮುಖ ನೋಡಿ ನನಗೆ ಪಾಪ ಎನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ಏಳಲಿಲ್ಲ.

"ಬಡಗೀ, ಹಲಗೆ ಬಿಚ್ಚು" ಎಂದರು ಕೊನೆಗೆ. "ಆ ಕಲಸು ಕಾಂಪೌಂಡಿನ ಕಂಬದ ಗುಂಡಿಗೆ ಹಾಕಿ, ಹಾಳಾಗೋದು ಬೇಡ. ಉದ್ದಣ್ಣ, ಹೊಸ ಗುರುತು ಹಾಕು. ಕೆಳಗಿನದು ಒಂಬತ್ತು."

"ಉದ್ದಣ್ಣ ಯಾಕೆ?" ಎಂದೆ. ಮಾತಾಡುವುದಿಲ್ಲ ಎಂದಿದ್ದೆ, ನಿಜ.

"ಯಾರು ಹಾಕಿದ್ರೇನಮ್ಮ? ಗೆರೆ ಗೆರೇನೇ."

"ನಿನ್ನೆ ಅಳಿಸುವಾಗ ಹಂಗನ್ನಲಿಲ್ಲ. 'ಹುಡುಗಿ ಗೆರೆ' ಅಂದ್ರಿ. ಗುರುತು ಸರಿ ಇದ್ರೆ ಗಾರೆಯವರ ಸಾಲು ಅಂತಲೂ ಅಂದ್ರಿ, ಇಷ್ಟೂ ಜನ ಕೇಳಿದ್ದಾರೆ."

"ನಾಳೆಯಿಂದ ನೀನು ಕೆಲಸಕ್ಕೆ ಬರಬೇಡ!"

"ನಾಳೆದು ನಾಳೆ ನೋಡೋಣ ಮೇಸ್ತ್ರಿ. ಇವತ್ತಿನ ಗೆರೆ ಇವತ್ತು."

ಕಂಬಿ ಒತ್ತಿ ಕಾಲು ಜೋಮು ಹಿಡಿದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಯಾವ ಮೇಸ್ತ್ರಿಗೂ ನಾನು ಹೀಗೆ ಹೇಳಿದವಳಲ್ಲ. ಉದ್ದಣ್ಣ ಮೇಸ್ತ್ರಿಯ ಮುಖ ನೋಡಿದ, ನನ್ನ ಮುಖ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ.

"ನನ್ನ ಕೈಗೆ ಗಾರೆ ಮೆತ್ತಿದೆ ಮೇಸ್ತ್ರಿ" ಎಂದ. "ಪೆನ್ಸಿಲು ನಿಲ್ಲಲ್ಲ."

ಅವನ ಕೈ ತೊಳೆದ ತಟ್ಟೆಯಷ್ಟು ಸ್ವಚ್ಛವಾಗಿತ್ತು.

ಮೇಸ್ತ್ರಿ ಪೆನ್ಸಿಲನ್ನು ಮಗಳ ಕೈಗೆ ಕೊಡಲಿಲ್ಲ. ಪಕ್ಕದ ಇಟ್ಟಿಗೆಯ ಮೇಲಿಟ್ಟು, ಕಾಂಪೌಂಡಿನ ಕಡೆ ಹೊರಟರು. ಅವಳು ಎತ್ತಿಕೊಂಡಳು. ಬಡಗಿ ಹಲಗೆ ಬಿಚ್ಚುತ್ತಾ ಬಂದಂತೆ ಮೇಲಿನಿಂದ ಬರೆಯುತ್ತಾ ಬಂದಳು. ಹನ್ನೊಂದು ಮುಗಿಸಿ ಕೆಳಗಿನದಕ್ಕೆ ಬಂದಾಗ ನನ್ನ ಭುಜ ಅಡ್ಡವಾಯಿತು.

"ಸ್ವಲ್ಪ ಆ ಕಡೆ ಸರಿಯಮ್ಮ" ಎಂದಳು, ಗಾರೆಯವರು ಬಾಂಡ್ಲಿಯವರಿಗೆ ಹೇಳುವ ಹಾಗೆಯೇ.

ನಾನು ಸರಿದೆ. ಏಳಲು ಆಗದೆ ಗೋಡೆ ಹಿಡಿದೆ. ಅವಳೇ ರಟ್ಟೆ ಹಿಡಿದು ಎಬ್ಬಿಸಿದಳು. ನನ್ನ ಮುಖ ನೋಡಲಿಲ್ಲ. ಅವಳ ಕೋಪ ಪೂರ್ತಿ ಇಳಿದಿರಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ.

ಮಧ್ಯಾಹ್ನದ ಮೇಲೆ ಕಾಂಕ್ರೀಟು ಹಾಕಿದೆವು. ಸಂಜೆ ಕೈಕಾಲು ತೊಳೆಯುವಾಗ ಮೇಸ್ತ್ರಿ ನನ್ನನ್ನು ಕರೆಯಲೂ ಇಲ್ಲ, ಬರಬೇಡ ಎಂದು ಮತ್ತೆ ಹೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಮಾಮೂಲಿನ ಹೊತ್ತಿಗೇ ಹೊರಟೆವು, ಇಬ್ಬರೂ. ದಾರಿಯಲ್ಲಿ ಮಗಳು ಕೇಳಿದಳು: "ವಾಪಸ್ ಕಳಿಸಿದ್ರೆ?"

"ಮೆಟ್ಟಿಲಿದೆಯಲ್ಲ, ಕೂತ್ಕೊಳ್ಳೋಣ. ಇವತ್ತು ಗಟ್ಟಿಯಾಗಿರುತ್ತೆ."

ಅವಳು ನಕ್ಕಳು, ಎರಡು ದಿನದ ಮೇಲೆ.

ಎಲ್ಲರೂ ಸೇರಿದಾಗ ಗಂಡಸರು ನೀರಿನ ತೊಟ್ಟಿಯ ಪಕ್ಕ ನಿಂತರು, ನಾವು ಮಿಕ್ಸರ್ ಪಕ್ಕ. ಮಗಳು ನನ್ನ ಹತ್ತಿರ ನಿಲ್ಲಲಿಲ್ಲ. ಕರಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಹೋಗಿ ಉದ್ದಣ್ಣನ ಆಚೆ ನಿಂತಳು. ಮೇಸ್ತ್ರಿ ಒಬ್ಬೊಬ್ಬರಿಗೆ ಕೆಲಸ ಹೇಳುತ್ತಾ ಅಲ್ಲಿಯವರೆಗೆ ಬಂದರು. ಬಂದು ನಿಂತರು.

"ನನಗೆ ಯಾವ ಕೆಲಸ ಮೇಸ್ತ್ರಿ?" ಅವಳೇ ಕೇಳಿದಳು.

ಅವರು ಮೆಟ್ಟಿಲ ಬುಡ ತೋರಿಸಿದರು.

"ನೆಲದ ಮಟ್ಟ ಹಿಡಿ. ಅಲ್ಲಿಂದ ಗೇಟಿನವರೆಗೂ. ಜಲ್ಲಿ ಹೊರೋಕೆ ಯಾರು ಬೇಕೋ ನೀನೇ ಕರ್ಕೋ."

ಅವಳು ಹೆಂಗಸರ ಸಾಲಿನ ಕಡೆ ತಿರುಗಿದಳು. ನಾನು ಅಷ್ಟರಲ್ಲಿ ಸಿಂಬೆ ಸುತ್ತಿಕೊಂಡಾಗಿತ್ತು.