ಬೆನ್ನು ತಿರುಗಿಸಿ ಕೂತವರು

ಪ್ರಾಣಿಗಳನ್ನು ಮುಟ್ಟಿ ನೋಡಬಹುದಾದ ಆ ಪುಟ್ಟ ಮೃಗಾಲಯಕ್ಕೆ ಅಲ್ಪಾಕಾ ಬಂದು ಮೂರು ವಾರವಾಗಿತ್ತು. ಒಂಟೆಯ ಕತ್ತು, ಕುರಿಯ ಉಣ್ಣೆ, ಹೊಸ ಸೊಸೆಯ ಕಣ್ಣು. ಅಲ್ಲಿನ ಮೊಲಗಳು ಜನರ ಮಡಿಲೇರುತ್ತಿದ್ದವು, ಮುದಿ ಆಮೆಯೂ ಕತ್ತು ಚಾಚಿ ಕೆರೆಸಿಕೊಳ್ಳುತ್ತಿತ್ತು. ಇದು ಮಾತ್ರ ಬೇಲಿಬಾಗಿಲು ಕಿರ್ ಅಂದರೆ ಸಾಕು, ಹೋಗಿ ಮೂಲೆ ಸೇರುತ್ತಿತ್ತು.

ಅದನ್ನು ನೋಡಿಕೊಳ್ಳುವವಳು ಹಾಲಕ್ಕ. ಮೂವತ್ತು ವರ್ಷ ಹಸು ಕಟ್ಟಿ ಮನೆಮನೆಗೆ ಹಾಲು ಹಾಕಿದ್ದಕ್ಕೆ ಅಂಟಿದ ಹೆಸರು ಅದು. ಮೂರೇ ವಾರದಲ್ಲಿ ಆ ಪ್ರಾಣಿ ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಹಾಗಾಗಿತ್ತು.

"ಭಾನುವಾರದೊಳಗೆ ಜನರ ಹತ್ರ ಬಂದ್ರೆ ಸರಿ ಹಾಲಕ್ಕ," ಎಂದಿದ್ದರು ಮ್ಯಾನೇಜರು. "ಇಲ್ದಿದ್ರೆ ಸೋಮವಾರ ಲಾರಿ ತರಿಸಿ ವಾಪಸ್ ಕಳಿಸ್ತೀನಿ."

"ದಿನಾ ಇನ್ನೂರು ಜನ ಕೆನ್ನೆ ಹಿಂಡೋಕೆ ಬಂದ್ರೆ ನೀವೂ ಮೂಲೆ ಸೇರ್ತಿದ್ರಿ ಸಾರ್."

ಮ್ಯಾನೇಜರು ನಗಲಿಲ್ಲ.

ಶನಿವಾರ ಸಗಣಿ ಬಾಚುವಾಗ ಹಾಲಕ್ಕನಿಗೆ ಅತ್ತೆಯ ನೆನಪಾಯಿತು. ಹೊಸ ಹಸು ಬಂದಾಗ ಅತ್ತೆ ಯಾರಿಗೂ ಅದನ್ನು ದಿಟ್ಟಿಸಗೊಡುತ್ತಿರಲಿಲ್ಲ. "ಬಾಯಿ ನೋಡ್ತಾ ಕೂತ್ರೆ ನೆಂಟರಿಗೆ ಅನ್ನ ಇಳಿಯುತ್ತೇನೇ?" ಎನ್ನುತ್ತ ಮನೆಮಂದಿಯನ್ನೆಲ್ಲ ಕೊಟ್ಟಿಗೆಯಲ್ಲಿ ಬೆನ್ನು ತಿರುಗಿಸಿ ಕೂರಿಸಿ ಬಟಾಣಿ ಸುಲಿಯಲು ಹಚ್ಚುತ್ತಿದ್ದಳು. ಕೈಗೆ ಕೆಲಸ, ಬಾಯಿಗೆ ಮಾತು. ಮೂಸಲು ಹಸುವೇ ಬರಬೇಕು.

ಭಾನುವಾರ ಹಾಲಕ್ಕ ಗಿಳಿಗಳಿಗೆಂದು ತಂದಿದ್ದ ಬಟಾಣಿಕಾಯಿಯ ಬುಟ್ಟಿಯನ್ನು ಅಲ್ಪಾಕಾದ ಬೇಲಿಯೊಳಗಿನ ಅಂಗಳಕ್ಕೆ ಹೊತ್ತು ತಂದಳು. ಬಂದವರನ್ನೆಲ್ಲ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸಿದಳು.

"ಅಲ್ಲಮ್ಮಾ, ಮನೇಲೂ ಸುಲಿಯೋದು, ಇಲ್ಲೂ ಸುಲಿಯೋದಾ?" ಎಂದಳೊಬ್ಬ ಅಜ್ಜಿ, ಆದರೂ ಮೊದಲು ಕೈ ಹಾಕಿದ್ದು ಅವಳೇ. ಸ್ವಲ್ಪ ಹೊತ್ತಿಗೆ ಪಕ್ಕದವಳ ಸೊಸೆಯ ಸಂಗತಿಯೆಲ್ಲ ಹೊರಬಿದ್ದು ಬೆಂಚಿಗೆ ಬೆಂಚೇ ನಗುತ್ತಿತ್ತು.

ಆಗ ಮ್ಯಾನೇಜರು ಬಂದರು. "ಏನಿದು ಹಾಲಕ್ಕ! ಟಿಕೆಟ್ ತಗೊಂಡೋರ ಕೈಲಿ ಅಡುಗೆಮನೆ ಕೆಲಸ ಮಾಡಿಸ್ತಿದೀರಲ್ಲ!"

"ಕೂಗಾಡಬೇಡಪ್ಪ, ಕೂತ್ಕೋ," ಎಂದು ಅಜ್ಜಿ ಅವರ ಕೈ ಹಿಡಿದು ಎಳೆದಳು. ಕೂತದ್ದೇ ತಡ, ಮಡಿಲಿಗೆ ಒಂದು ಹಿಡಿ ಕಾಯಿಯೂ ಬಿತ್ತು. ವಯಸ್ಸಾದವಳಿಗೆ ಏನನ್ನಲಾದೀತು? ಸುಲಿದರು.

ಹತ್ತು ಕಾಯಿ ಆಗಿರಬಹುದು. ಹಿಂದೆ ಒಣಹುಲ್ಲು ಸರಕ್ಕೆಂದಿತು. ಹಾಲಕ್ಕ ಕತ್ತು ಹೊರಳಿಸದೆ ಇನ್ನೊಂದು ಕಾಯಿ ಎತ್ತಿಕೊಂಡಳು.

"ಹಾಲಕ್ಕ..." ಮ್ಯಾನೇಜರ ದನಿ ಕುಗ್ಗಿತ್ತು. "ಕಿವಿ ಹತ್ರ ಯಾರೋ ಉಸಿರು ಬಿಡ್ತಿದಾರೆ."

"ತಿರುಗಬೇಡಿ ಸಾರ್. ಸುಲೀತಾ ಇರಿ."

ಅಲ್ಪಾಕಾ ಅವರ ಕಾಲರ್ ಮೂಸಿತು, ತಲೆಗೂದಲನ್ನು ತುಟಿಯಿಂದ ಬಾಚಿತು, ಆಮೇಲೆ ಉದ್ದ ಕತ್ತನ್ನು ಅವರ ಭುಜದ ಮೇಲಿಂದ ಚಾಚಿ 'ಹ್ಮ್‌ಮ್' ಎಂದಿತು. ಅಜ್ಜಿ ನಿಧಾನವಾಗಿ ಕೈಯೆತ್ತಿ ಕತ್ತಿನ ಉಣ್ಣೆಯೊಳಗೆ ಬೆರಳಿಟ್ಟಳು. ಅದು ಅಲುಗಲಿಲ್ಲ.

"ಅಯ್ಯೋ, ಬೆಣ್ಣೆ ಕಣ್ರೇ!"

ಮ್ಯಾನೇಜರು ಕಚಗುಳಿ ತಾಳಲಾರದೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮಡಿಲ ಕಾಳೊಂದೂ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಹಾಲಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

ಸೋಮವಾರ ಲಾರಿಯೇನೋ ಬಂತು. ಎರಡು ಮೂಟೆ ಬಟಾಣಿಕಾಯಿ ಇಳಿಸಿ ಹೋಯಿತು.